ಓದಿ ಹೇಳದ ಸಂಜೆಗಳು

ಹುಡುಗಿ ಗಳಗಳ ಓದುತ್ತಿದ್ದಳು, ಬೆರಳು ಮಾತ್ರ ಬೇರೆ ಸಾಲಿನ ಮೇಲಿತ್ತು.

ಬಾಯಿ ಹಸುವಿನ ವಿಷಯ ಹೇಳುತ್ತಿದೆ, ಬೆರಳು ಇನ್ನೂ ಮೇಲಿನ ಸಾಲಿನ ಗಿಣಿಯ ಹತ್ತಿರವೇ ನಿಂತಿದೆ. ನಾನು ಪುಟವನ್ನು ಅಂಗೈಯಿಂದ ಮುಚ್ಚಿದೆ. ಅವಳು ನಿಲ್ಲಿಸಲಿಲ್ಲ. ಮುಚ್ಚಿದ ಪುಟವನ್ನು ಓದಿದಳು, ಮಗುಚದೇ ಇದ್ದ ಮುಂದಿನ ಪುಟವನ್ನೂ ಓದಿದಳು, ಕೊನೆಯ ಪಾಠದವರೆಗೆ ಹೋಗಿ "ಆಯ್ತು ಅಕ್ಕೋರೆ" ಅಂತ ನನ್ನ ಮುಖ ನೋಡಿ ನಕ್ಕಳು. ಅವತ್ತಿನವರೆಗೆ ನಾನು ಕಂಡಕಂಡವರ ಹತ್ತಿರ ಹೇಳಿಕೊಂಡು ತಿರುಗಿದ್ದೆ, ನನ್ನ ಒಂದನೇ ಕ್ಲಾಸಿನಲ್ಲಿ ಇವಳೊಬ್ಬಳು ನೀರು ಕುಡಿದ ಹಾಗೆ ಓದುತ್ತಾಳೆ ಅಂತ.

ಆಗ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಏಳುತ್ತಿತ್ತು. ಸಾಗರದ ಕಡೆಯಿಂದ ಬರುವ ಬಸ್ಸು ಹತ್ತಿದರೆ ಸೀಟಿಗೆಲ್ಲ ಸಿಮೆಂಟಿನ ಧೂಳು. ನಾನಿದ್ದದ್ದು ಹೊಸನಗರದಿಂದ ತೀರ್ಥಹಳ್ಳಿಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ. ಒಂದೇ ಕೋಣೆ, ನಾಲ್ಕು ತರಗತಿ, ನಾನೊಬ್ಬಳೇ ಟೀಚರು. ನಾನು ಚಿತ್ರದುರ್ಗದ ಕಡೆಯವಳು. ನಮ್ಮೂರಲ್ಲಿ ಮನೆಗೆ ಮನೆ ಅಂಟಿಕೊಂಡಿರುತ್ತವೆ. ಪಕ್ಕದ ಮನೆಯಲ್ಲಿ ಗಂಡ ಹೆಂಡತಿ ಜಗಳ ಆಡಿದರೆ ನಮ್ಮ ಮನೆಯಲ್ಲಿ ಕೂತೇ ತೀರ್ಪು ಕೊಡಬಹುದು. ಇಲ್ಲಿ ಒಂದು ಮನೆಯಿಂದ ಇನ್ನೊಂದಕ್ಕೆ ಹೋಗಬೇಕಾದರೆ ಗುಡ್ಡ ಇಳಿದು ಗುಡ್ಡ ಹತ್ತಬೇಕು. ಶಾಲೆ ಬಿಟ್ಟು ಮಕ್ಕಳು ದಿಕ್ಕಿಗೊಬ್ಬರಂತೆ ಹೋದ ಮೇಲೆ ಮಾತಾಡೋಣ ಅಂದರೆ ಒಂದು ನರಪಿಳ್ಳೆ ಸಿಗುತ್ತಿರಲಿಲ್ಲ. ಕೆಲವು ಸಂಜೆ ನಾನು ನೀರಿನ ಕೊಡದ ಹತ್ತಿರ ಮಾತಾಡಿದ್ದಿದೆ. ನಗಬೇಡಿ, ಒಂಟಿಯಾಗಿದ್ದವರಿಗೆ ಗೊತ್ತು ಅದು.

ನನಗೆ ಇರಲು ಕೋಣೆ ಕೊಟ್ಟಿದ್ದು ಒಬ್ಬ ಅಜ್ಜಿ. ದೀವರ ಪಂಗಡದ ಹೆಂಗಸು, ಸುತ್ತಮುತ್ತ ಯಾರ ಮನೆಯ ಮದುವೆಯಾದರೂ ಹಾಡಲು ಅವರೇ ಬೇಕು. ಈ ಹುಡುಗಿ ಅವರ ಮೊಮ್ಮಗಳು. ವಯಸ್ಸು ಎಂಟಕ್ಕೆ ಹತ್ತಿರವಾಗಿತ್ತು, ಶಾಲೆಗೆ ಸೇರಿದ್ದೇ ತಡವಾಗಿ. ತಾಯಿ ಇರಲಿಲ್ಲ. ತಂದೆ ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಓಡಾಡುವ ಖಾಸಗಿ ಬಸ್ಸಿನ ಕಂಡಕ್ಟರು, ವಾರಕ್ಕೊಮ್ಮೆ ಮನೆಗೆ ಬಂದರೆ ಬಂದ. ಹಾಗಾಗಿ ಹುಡುಗಿ ಸಂಜೆಯಾದರೆ ನನ್ನ ಕೋಣೆಯ ಮುಂದಿನ ಜಗಲಿಗೆ ಬಂದು ಕೂತುಬಿಡುತ್ತಿದ್ದಳು. ನಾನು ನಮ್ಮೂರಿನ ಕಥೆ ಹೇಳುವುದು, ಅವಳು "ಆಮೇಲೆ?" ಅನ್ನುವುದು. ದಿನದಲ್ಲಿ ನಾನು ಬದುಕಿದ್ದೇನೆ ಅನ್ನಿಸುತ್ತಿದ್ದ ಹೊತ್ತು ಅದೊಂದೇ.

ನಾನು ಪುಟ ಮುಚ್ಚಿ ನೋಡಿದ ಅವತ್ತೇ ಸಂಜೆ ಕಂಡಕ್ಟರು ಬಂದ. ದೀಪಾವಳಿ ಕಳೆದಿತ್ತಷ್ಟೆ. ಖಾಕಿ ಅಂಗಿಯಲ್ಲೇ ಜಗಲಿ ಮೇಲೆ ಕೂತು, ಬಸ್ಸಿನಲ್ಲಿ ಕೂಗುವ ಗಂಟಲಲ್ಲೇ ಸುದ್ದಿ ಹೇಳಿದ. ತೀರ್ಥಹಳ್ಳಿಯಲ್ಲಿ ಅವನ ಅಕ್ಕ ಇದ್ದಾಳೆ, ಮನೆ ಪಕ್ಕದಲ್ಲೇ ಹೆಣ್ಣುಮಕ್ಕಳ ಶಾಲೆ. ಅಲ್ಲಿಯ ಹೆಡ್‌ಮಿಸ್ಟ್ರೆಸ್ಸನ್ನು ಕಂಡು ಮಾತಾಡಿ ಬಂದಿದ್ದಾನೆ.

"ಎರಡನೇ ಕ್ಲಾಸಿಗೇ ತಗೊಳ್ತಾರಂತೆ ಅಕ್ಕೋರೆ. ಅವರು ಯಾವ ಪುಸ್ತಕದ ಯಾವ ಪುಟ ತೆಗೆದುಕೊಟ್ರೂ ಓದ್ಬೇಕು, ಅಷ್ಟೇ. ಯುಗಾದಿ ಹೊತ್ತಿಗೆ ಕರ್ಕೊಂಡು ಬಾ ಅಂದ್ರು. ನಮ್ಮ ಹುಡುಗಿಗೆ ಅದೇನು ಮಹಾ, ಹ್ಯಾಗೂ ಓದ್ತಾಳಲ!"

"ಓದಲಿಲ್ಲ ಅಂದರೆ?"

"ಓದ್ಲಿಲ್ಲ ಅಂದ್ರೆ ಒಂದನೇ ಕ್ಲಾಸಲ್ಲಿ ಚಿಳ್ಳೆಪಿಳ್ಳೆ ಜೊತೆ ಕೂರ್ಬೇಕು. ಅದಕ್ಕೆ ನಮ್ಮಕ್ಕನೂ ಒಪ್ಪಲ್ಲ. ಮತ್ತೆಂತ, ಇಲ್ಲೇ ಇರ್ತಾಳೆ. ಅವ್ವಂಗೂ ಕಣ್ಣು ಮಂಜಾಯ್ತು, ದನ ನೋಡ್ಕೊಂಡು ಇರ್ಲಿ. ಶಾಲೆ ಸಾಕು ಅವಾಗ."

ನಾನು ಮುಚ್ಚುಮರೆ ಮಾಡಲಿಲ್ಲ. "ಕಂಡಕ್ಟ್ರೆ, ನಿಮ್ಮ ಮಗಳು ಓದುತ್ತಿಲ್ಲ. ಹಾಡುತ್ತಿದ್ದಾಳೆ" ಅಂದೆ. ಅವನು ಹೋ ಅಂತ ನಕ್ಕ. ಪುಸ್ತಕ ತಂದು, ಮಗಳ ಕಣ್ಣಿನ ಮುಂದೆಯೇ ಮುಚ್ಚಿಟ್ಟುಕೊಂಡು ಓದು ಅಂದೆ. ಅವಳು ಸರಾಗವಾಗಿ ಓದಿದಳು. ಅವನ ನಗು ಅಲ್ಲೇ ನಿಂತುಹೋಯಿತು. ಒಳಗಿಂದ ಅಜ್ಜಿ ಮಾತ್ರ, "ನೋಡು, ಪುಸ್ತಕ ನೋಡ್ದೆನೂ ಓದ್ತದೆ ನಮ್ಮ ಕೂಸು" ಅಂತ ಹೆಮ್ಮೆಯಿಂದ ಹೇಳಿದರು.

ಅವರಿಬ್ಬರೂ ಒಳಗೆ ಹೋದ ಮೇಲೆ ನಾನು ಲೆಕ್ಕ ಹಾಕಿದೆ. ಓದಿದರೆ ಹೋಗುತ್ತಾಳೆ, ಓದದಿದ್ದರೆ ಇರುತ್ತಾಳೆ. ಇರಲಿ ಬಿಡು ಅಂತ ಒಂದು ಗಳಿಗೆ ಅನ್ನಿಸಿತು, ಅನ್ನಿಸಲಿಲ್ಲ ಅಂದರೆ ಸುಳ್ಳಾದೀತು. ಆದರೆ ಕಣ್ಣೆದುರಿಗೇ ಒಂದು ಹೆಣ್ಣುಮಗು ದನದ ಹಿಂದೆ ಹೋಗುವುದನ್ನು ನೋಡಿಕೊಂಡು ಅದೇ ಮಗುವಿಗೆ ನಾನು ಕಥೆ ಹೇಳುತ್ತ ಕೂರುವುದು ಹೇಗೆ? ನನಗಿದ್ದ ಒಬ್ಬಳೇ ಗೆಳತಿಯನ್ನು ನಾನೇ ಕೈ ಹಿಡಿದು ಬಸ್ಸು ಹತ್ತಿಸಬೇಕು, ಬೇರೆ ದಾರಿ ಇರಲಿಲ್ಲ.

ಮಾರನೆಯ ದಿನದಿಂದ ಕೆಲಸ ಶುರುವಾಯಿತು. ಮೊದಲು ಅವಳಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಅಂತ ನೋಡಬೇಕಿತ್ತು. ಹಳೆಯ ರಟ್ಟಿನ ತುಂಡಿನಲ್ಲಿ ಒಂದು ಅಕ್ಷರ ಕಾಣುವಷ್ಟು ಕಿಂಡಿ ಕೊರೆದೆ. ಅದನ್ನು ಪುಟದ ಮೇಲೆ ಎಲ್ಲಿ ಬೇಕಾದರಲ್ಲಿ ಇಟ್ಟು ಇದೇನು ಅಂತ ಕೇಳುವುದು. ಪಾಪ, ಕಿಂಡಿಯಲ್ಲಿ ಇಣುಕುವ 'ಮ' ನೋಡಿ ಅವಳು ಪಿಳಿಪಿಳಿ ಕಣ್ಣು ಬಿಟ್ಟಳು. ಕಾಗುಣಿತ ಬರುತ್ತದಲ್ಲ ಅಂದುಕೊಂಡು 'ಕೂ' ತೋರಿಸಿದರೆ, ಒಳಗೊಳಗೇ "ಕ ಕಾ ಕಿ ಕೀ ಕು ಕೂ" ಅಂತ ಮೊದಲಿನಿಂದ ಹಾಡಿಕೊಂಡು ಬಂದು ಅಲ್ಲಿ ನಿಲ್ಲುತ್ತಿದ್ದಳು. ಎಲ್ಲಿ ನಿಲ್ಲಬೇಕು ಅನ್ನುವುದನ್ನು ನನ್ನ ಮುಖ ನೋಡಿ ತಿಳಿದುಕೊಳ್ಳುತ್ತಿದ್ದಳು. ನಾನು ಮುಖ ತಿರುಗಿಸಿಕೊಂಡ ದಿನ ಅವಳ ಕಾಗುಣಿತ ನಿಲ್ಲದೆ 'ಕಃ'ವರೆಗೂ ಹೋಯಿತು.

ತಪ್ಪು ಅವಳದ್ದಲ್ಲ. ಆ ಮನೆಯಲ್ಲಿ ಎಲ್ಲವನ್ನೂ ಕಲಿಯುವುದು ಕಿವಿಯಿಂದ. ಅಜ್ಜಿ ಒಂದು ಸಲ ಹಾಡಿದರೆ ಮೊಮ್ಮಗಳು ಮರುದಿನ ತಿರುಗಿ ಹಾಡಬೇಕು. ಅಲ್ಲದೆ ಅಜ್ಜಿಯದೊಂದು ಕಟ್ಟುನಿಟ್ಟು ಇತ್ತು: ಶುರು ಮಾಡಿದ ಹಾಡನ್ನು ನಡುವೆ ಬಿಡಬಾರದು, ಬಿಟ್ಟರೆ ಮದುಮಕ್ಕಳಿಗೆ ಒಳ್ಳೆಯದಲ್ಲ. ನನ್ನ ಕೆಲಸವೋ, ಹೆಜ್ಜೆ ಹೆಜ್ಜೆಗೂ ನಿಲ್ಲಿಸುವುದು. ಒಂದು ಪದದಲ್ಲಿ ನಿಲ್ಲಿಸಿದರೆ ಹುಡುಗಿಯ ಮುಖ ಬಾಡುತ್ತಿತ್ತು, ಅಜ್ಜಿ ಒಳಗಿಂದ ಕೆಮ್ಮುತ್ತಿದ್ದರು.

ಅ ಆ ಇ ಈ ಅನ್ನುವ ಸಾಲನ್ನೇ ಬಿಟ್ಟುಬಿಟ್ಟೆ, ಅದೂ ಒಂದು ಹಾಡೇ ತಾನೆ. ಬರೆಯಲು ಒಂದಕ್ಕೊಂದು ಹತ್ತಿರ ಇರುವ ಅಕ್ಷರ ಹಿಡಿದೆ. ಮೊದಲು ರ, ಆಮೇಲೆ ಗ, ಸ, ದ. ಅಷ್ಟು ಕೂಡಿದರೆ ಸರ, ದರ, ಗರಗಸ. ಸ್ಲೇಟಿನ ಮೇಲೆ ಗರಗಸ ಅಂತ ತಾನೇ ಕೂಡಿಸಿದ ದಿನ ಅವಳು ಬಚ್ಚಲ ಮನೆಯವರೆಗೂ ಓಡಿ ಹೋಗಿ ಓಡಿ ಬಂದಳು. ಹೀಗೆ ದಿನಕ್ಕಿಷ್ಟು ಅಕ್ಷರ, ಆಮೇಲೆ ಇಳಿ, ಗುಡಿಸು, ಕೊಂಬು. ಸಂಕ್ರಾಂತಿ ಬರುವಷ್ಟರಲ್ಲಿ ಕಿಂಡಿಯಲ್ಲಿ ಯಾವುದು ಕಂಡರೂ ಹೇಳತೊಡಗಿದಳು. ಆದರೆ ಬಿಡಿ ಅಕ್ಷರ ಹೇಳುವುದು ಬೇರೆ, ಓದುವುದು ಬೇರೆ. ಓದಲು ಪುಸ್ತಕ ಬೇಕು. ಶಾಲೆಯಲ್ಲಿದ್ದ ಒಂದನೇ ಪುಸ್ತಕ, ಎರಡನೇ ಪುಸ್ತಕ ಎರಡೂ ಅವಳ ಬಾಯಲ್ಲಿ ಕೂತಿದ್ದವು. ಒಂದೇ ಕೋಣೆಯಲ್ಲಿ ದೊಡ್ಡ ಮಕ್ಕಳು ಕಿರುಚಿ ಓದುವುದನ್ನು ದಿನಾ ಕೇಳುವವಳು ತಾನೆ. ಇವಳ ಕಿವಿಗೆ ಬೀಳದ, ಇವಳಿಗೆ ಗೊತ್ತಿರುವ ಅಕ್ಷರವೇ ಹೆಚ್ಚಾಗಿರುವ ಪುಸ್ತಕ ಬೇಕಿತ್ತು ನನಗೆ.

ಕಂಡಕ್ಟರಿಗೆ ಹೇಳಿದೆ, ಸಾಗರದಿಂದ ಒಂದು ತೆಳು ಪುಸ್ತಕ ತನ್ನಿ, ದೊಡ್ಡ ಅಕ್ಷರ ಇರಲಿ ಅಂತ. ಅವನು ತಂದಿದ್ದು ದಪ್ಪ ರಟ್ಟಿನ, ಬಂಗಾರದ ಬಣ್ಣದ ಅಕ್ಷರಗಳ, ಪುಟಕ್ಕೊಂದು ಬಣ್ಣದ ಚಿತ್ರದ ಪುಸ್ತಕ. "ಅಂಗಡೀಲಿ ಇದ್ದಿದ್ರಲ್ಲೇ ಬೆಸ್ಟು ಅಕ್ಕೋರೆ!" ಅಂದ. ಅರಸನ ಚಿತ್ರದ ಕೆಳಗೆ ಅರಸ, ಆನೆಯ ಚಿತ್ರದ ಕೆಳಗೆ ಆನೆ. ಚಿತ್ರ ನೋಡಿ ಹೇಳಲು ಓದೇ ಬೇಡ. ಹೋಗಲಿ, ಚಿತ್ರದ ಮೇಲೆ ಕಾಗದ ಅಂಟಿಸಿ ಉಪಯೋಗಿಸೋಣ ಅಂತ ಹುಡುಗಿಯ ಕೈಗೆ ಕೊಟ್ಟು ಮನೆಯಲ್ಲಿಟ್ಟಿರು ಅಂದೆ. ಆಮೇಲೆ ಕೇಳಿದಾಗಲೆಲ್ಲ "ಇದೆ ಅಕ್ಕೋರೆ" ಅನ್ನುತ್ತಾಳೆ, ತರುವುದಿಲ್ಲ. ಸಿಟ್ಟು ಬಂದು ನಾನೇ ಒಳಗೆ ಹೋದೆ. ದೇವರ ಗೂಡಿನಲ್ಲಿ ಪುಸ್ತಕ ಕೂತಿದೆ! ಮೇಲೆ ಅರಿಶಿನ, ಕುಂಕುಮ, ಒಂದು ದಾಸವಾಳ.

"ಅಜ್ಜಿ, ಇದೇನಿದು?"

"ಮನೆಗೆ ಬಂದ ಮೊದಲ್ನೇ ಪುಸ್ತಕ ಅಲ್ದಾ ಅಕ್ಕೋರೆ. ಸರಸ್ವತಿ. ಕೈಕಾಲು ತೊಳೀದೆ ಮುಟ್ಬಾರ್ದು ಅಂತ ಇಟ್ಟೆ. ದಿನಾ ದೀಪ ಹಚ್ತೀನಿ."

ದೇವರಾದ ಪುಸ್ತಕವನ್ನು ಕಿತ್ತುಕೊಂಡು ಬಂದು ಕಾಗದ ಅಂಟಿಸಲು ನನಗೂ ಧೈರ್ಯ ಸಾಲಲಿಲ್ಲ. ಕೈಮುಗಿದು ಹೊರಗೆ ಬಂದೆ.

ಮುಂದಿನ ರಜೆಗೆ ನಾನೇ ಸಾಗರಕ್ಕೆ ಹೋದೆ. ಪೇಟೆಯಲ್ಲಿ ಒಂದು ಪುಸ್ತಕದ ಅಂಗಡಿ. ಪಂಚಾಂಗ, ಭಜನೆ ಪುಸ್ತಕ, ಸ್ಲೇಟು, ಬಳಪ, ಮಸಿಕುಡಿಕೆ, ಒಂದು ಮೂಲೆಯಲ್ಲಿ ಮಕ್ಕಳ ಪುಸ್ತಕ. ನಾನು ಸ್ಟೂಲು ಎಳೆದುಕೊಂಡು ಕೂತು ಒಂದೊಂದನ್ನೇ ತೆಗೆದೆ. ನನ್ನ ಪರೀಕ್ಷೆ ಹೀಗೆ: ನಡುವಿನ ಯಾವುದಾದರೂ ಪುಟ ತೆಗೆಯುವುದು, ಹುಡುಗಿಗೆ ಬಾರದ ಅಕ್ಷರ ಸಿಕ್ಕ ಕಡೆ ಒಂದು ಬೆರಳು ಮಡಚುವುದು. ಒಂದು ಕೈ ಮುಷ್ಟಿಯಾಯಿತೋ, ಪುಸ್ತಕ ಕೆಳಗಿಡುವುದು. ಪದ್ಯದ ಪುಸ್ತಕವನ್ನಂತೂ ತೆರೆಯಲೇ ಇಲ್ಲ, ಪ್ರಾಸ ಇದ್ದರೆ ಅವಳು ಒಂದೇ ಗುಟುಕಿಗೆ ನುಂಗುತ್ತಾಳೆ. ಪುಟ್ಟ ಮಕ್ಕಳಿಗೆ ಅಂತ ಬರೆದ ಒಂದು ನೀತಿಕಥೆಯ ಮೊದಲ ಸಾಲಲ್ಲೇ 'ಸ್ವಾತಂತ್ರ್ಯ' ಇತ್ತು. ಬರೆದ ಮಹಾನುಭಾವರು ಮಗು ಅನ್ನುವುದನ್ನು ದೂರದಿಂದಲೂ ನೋಡಿರಲಿಕ್ಕಿಲ್ಲ.

ಅಂಗಡಿಯವರು ಬಹಳ ಹೊತ್ತು ತಡೆದುಕೊಂಡರು. ಆಮೇಲೆ, "ಎಂತ ಮಾರಾಯ್ರೆ, ಪುಸ್ತಕ ತಗೊಳ್ಳೋಕೆ ಬಂದ್ರಾ, ಬದ್ನೆಕಾಯಿ ಆರ್ಸೋಕೆ ಬಂದ್ರಾ?" ಅಂದರು.

"ಬದನೆಕಾಯಿ ಆಗಿದ್ದರೆ ಸುಲಭ ಇತ್ತು ಸ್ವಾಮಿ, ಹುಳುಕು ಮೇಲೇ ಕಾಣುತ್ತದೆ" ಅಂದೆ.

ಅವರಿಗೆ ನಗು ಬಂತು. ಅಟ್ಟದಿಂದ ಇನ್ನೊಂದು ಕಟ್ಟು ಇಳಿಸಿಕೊಟ್ಟರು. ಅದರಲ್ಲಿ ಒಂದು ಇಲಿಯ ಕಥೆ ಸಿಕ್ಕಿತು. ಸಣ್ಣ ವಾಕ್ಯ, ಒತ್ತಕ್ಷರ ಕಡಿಮೆ, ಚಿತ್ರವೂ ಕಡಿಮೆ. ಯಾವ ಪುಟದಲ್ಲೂ ನನ್ನ ಮುಷ್ಟಿ ಮುಚ್ಚಲಿಲ್ಲ. ಬಸ್ಸಿನಲ್ಲಿ ಬರುವಾಗ ಅದನ್ನು ತೊಡೆಯ ಮೇಲಿಟ್ಟುಕೊಂಡು, ಗೆದ್ದೆ ಅಂದುಕೊಂಡೆ.

ಆ ಸಂಜೆ ಹುಡುಗಿ ಓಡಿ ಬಂದಳು. "ಎಂತ ಕಥೆ ಅಕ್ಕೋರೆ? ಒಂದ್ಸಲ ಹೇಳಿ" ಅಂತ ಮೈಗೆ ಅಂಟಿ ಕೂತಳು. ಹೋಗುತ್ತ ಬರುತ್ತ ಬಸ್ಸಿನಲ್ಲಿ ಅಪರಿಚಿತರ ನಡುವೆ ಬಾಯಿ ಮುಚ್ಚಿ ಕೂತು ಬಂದವಳು ನಾನು. ಒಂದೇ ಒಂದು ಸಲ ತಾನೆ ಅಂತ ಓದಿ ಹೇಳಿದೆ. ಇಲಿಗೊಂದು ದನಿ, ಬೆಕ್ಕಿಗೊಂದು ದನಿ, ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಮಾರನೆಯ ಬೆಳಿಗ್ಗೆ ಅವಳು ಹಸುವಿನ ಹಗ್ಗ ಬಿಚ್ಚುತ್ತ ಇಲಿಯ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ, ನನ್ನ ಬೆಕ್ಕಿನ ದನಿಯ ಸಮೇತ, ಒಂದು ಅಕ್ಷರ ಬಿಡದೆ ಒಪ್ಪಿಸುತ್ತಿದ್ದಳು.

ನಾನು ಹಣೆ ಚಚ್ಚಿಕೊಂಡೆ. ಸಿಕ್ಕ ಒಂದೇ ಒಂದು ಪುಸ್ತಕ ಒಂದೇ ರಾತ್ರಿಗೆ ಕೆಲಸಕ್ಕೆ ಬಾರದಂತಾಯಿತು. ಅವತ್ತು ಶಾಲೆಯಲ್ಲಿ ದೊಡ್ಡ ಮಕ್ಕಳಿಗೆ ಲೆಕ್ಕ ಕೊಟ್ಟು ಕಿಟಕಿಯ ಹತ್ತಿರ ನಿಂತು ಯೋಚಿಸಿದೆ. ಪುಸ್ತಕ ಎಷ್ಟು ಆರಿಸಿದರೇನು, ಅವಳು ಓದುತ್ತಿರುವುದು ಪುಸ್ತಕವನ್ನಲ್ಲ, ನನ್ನ ದನಿಯನ್ನು. ನನ್ನ ಬಾಯಿಂದ ಬಿದ್ದದ್ದೆಲ್ಲ ಅವಳ ಕಿವಿಯಲ್ಲಿ ಕೂರುತ್ತದೆ. ಕಿವಿಗೆ ಕೆಲಸ ಇರುವವರೆಗೆ ಕಣ್ಣು ಕೆಲಸ ಮಾಡುವುದಿಲ್ಲ. ಹಾಗಾದರೆ ನಾನು ಓದಿ ಹೇಳಬಾರದು. ಓದಿ ಹೇಳುವುದು ಹಾಗಿರಲಿ, ಪುಸ್ತಕ ಅವಳ ಕೈಯಲ್ಲಿರುವ ಹೊತ್ತು ಹೂಂ, ಊಹೂಂ ಕೂಡ ಅನ್ನಬಾರದು. ಕಥೆಯನ್ನಂತೂ ಶುರುವೇ ಮಾಡಬಾರದು, ಶುರು ಮಾಡಿದರೆ ಅವಳು ಪುಸ್ತಕ ಕೆಳಗಿಟ್ಟು "ಆಮೇಲೆ?" ಅನ್ನುತ್ತಾಳೆ. ಅಕ್ಷರ ಹೇಳಿಕೊಡುವುದೆಲ್ಲ ಹಗಲು ಶಾಲೆಯಲ್ಲಿ. ಸಂಜೆ ಜಗಲಿಯ ಮೇಲೆ ಅವಳು, ಪುಸ್ತಕ, ಬಾಯಿ ಮುಚ್ಚಿಕೊಂಡ ನಾನು. ಹೀಗಂತ ತೀರ್ಮಾನ ಮಾಡಿದಾಗ ನನಗೆ ಅಳು ಬಂತು. ನನಗಿದ್ದದ್ದೇ ಆ ಒಂದು ಹೊತ್ತಿನ ಮಾತು.

ಪುಸ್ತಕ ಇನ್ನೂ ಸಿಕ್ಕಿರಲಿಲ್ಲ. ಸಂಬಳದ ಕೆಲಸಕ್ಕೆ ಹೊಸನಗರಕ್ಕೆ ಹೋದವಳು ಬ್ಲಾಕ್ ಆಫೀಸಿನ ಜಗಲಿಯಲ್ಲಿ ಗುಮಾಸ್ತರಿಗಾಗಿ ಕಾಯುತ್ತ ಕೂತಿದ್ದೆ. ಅಲ್ಲಿ ಬೀಜದ ಮೂಟೆಗಳ ಪಕ್ಕ ತೆಳು ಪುಸ್ತಕಗಳ ಒಂದು ಕಟ್ಟು ಬಿದ್ದಿತ್ತು. ಬೇಸರಕ್ಕೆ ಒಂದನ್ನು ಎಳೆದು ತೆರೆದೆ. ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತ ದೊಡ್ಡವರಿಗೆ ಅಂತ ಅಚ್ಚು ಹಾಕಿಸಿದ್ದು, ಬಾವಿಯನ್ನು ಚೊಕ್ಕಟವಾಗಿ ಇಡುವುದು ಹೇಗೆ ಅಂತ. ಹೆಬ್ಬೆರಳಿನ ಗಾತ್ರದ ಅಕ್ಷರ. "ಇದು ಬಾವಿ. ಬಾವಿಯ ನೀರು ಕುಡಿಯುವ ನೀರು." ಪ್ರಾಸ ಇಲ್ಲ, ಇಲಿ ಇಲ್ಲ, ಅರಸ ಇಲ್ಲ, ಹಾಡೋಣ ಅಂದರೆ ಹಾಡಲು ಬರುವುದಿಲ್ಲ. ಪುಟದ ಮೇಲೆ ಪುಟ ಮಗುಚಿದೆ, ಬೆರಳು ಮಡಚುವ ಕೆಲಸವೇ ಬೀಳಲಿಲ್ಲ! ಅದೇ ಕಟ್ಟಿನಲ್ಲಿ ಕೋಳಿ ಸಾಕುವುದರ ಬಗ್ಗೆ ಇನ್ನೊಂದು ಇತ್ತು. ಅದರಲ್ಲಿ ಮೊಟ್ಟೆ, ಬೆಕ್ಕು, ಹಿಟ್ಟು, ಕತ್ತಲೆ, ಬರೀ ಅದೇ ಅಕ್ಷರಕ್ಕೆ ಅದೇ ಒತ್ತು. ಒತ್ತಕ್ಷರ ಶುರು ಮಾಡಲು ಅದಕ್ಕಿಂತ ಒಳ್ಳೆಯದು ಬೇಕಾ?

ಅಲ್ಲಿದ್ದ ಗ್ರಾಮಸೇವಕರನ್ನು ಕೇಳಿದರೆ, "ತಗೊಂಡು ಹೋಗಿ, ಯಾರೂ ಕೇಳೋರಿಲ್ಲ. ನೀವು ಕೋಳಿ ಸಾಕ್ತೀರಾ?" ಅಂದರು.

"ಇಲ್ಲ, ಓದುವವಳೊಬ್ಬಳಿದ್ದಾಳೆ" ಅಂದೆ. ಅವರಿಗೆ ಅರ್ಥವಾಗಲಿಲ್ಲ, ನಾನು ಬಿಡಿಸಿ ಹೇಳುವ ಗೋಜಿಗೂ ಹೋಗಲಿಲ್ಲ.

ಮೊದಲ ಸಂಜೆ ಹುಡುಗಿ ಬಾವಿಯ ಪುಸ್ತಕವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಒಂದ್ಸಲ ಓದಿ ಅಕ್ಕೋರೆ" ಅಂದಳು. ನಾನು ತಲೆಯಾಡಿಸಿ ಕಿಂಡಿಯ ರಟ್ಟು ಕೈಗೆ ಕೊಟ್ಟೆ. "ಒಂದ್ ಸಾಲು?" ಇಲ್ಲ. "ಹೋಗ್ಲಿ, ಕಥೆ?" ಇಲ್ಲ. ಅವಳು ಪುಸ್ತಕ ಕುಕ್ಕಿ ಒಳಗೆ ಹೋದಳು. ನಾನು ಕತ್ತಲಾಗುವವರೆಗೂ ಒಬ್ಬಳೇ ಕೂತಿದ್ದೆ. ಮಾರನೆಯ ಸಂಜೆ ಬಂದಳು, ಮಾತಾಡಿಸಲಿಲ್ಲ. ಬೆನ್ನು ಹಾಕಿ ಕೂತು ಒಂದು ಸಾಲಿನ ಮೇಲೆ ರಟ್ಟು ಇಟ್ಟಳು. ಬಾ. ವಿ. ಬಾವಿ. ಒಂದು ಪದಕ್ಕೆ ಒಂದು ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು. ತಪ್ಪು ಹೇಳಿದಾಗ ನನ್ನ ಕಡೆ ಹೊರಳಿ ನೋಡುವಳು. ನಾನು ಗುಡ್ಡದ ಕಡೆ ನೋಡುತ್ತಿರುವೆ. ಸರಿ ಹೇಳಿದಾಗಲೂ ಹೊರಳುವಳು, ಆಗಲೂ ನನಗೆ ಗುಡ್ಡವೇ ಗತಿ. ಹಾಗೆ ಎಷ್ಟು ಸಂಜೆಗಳು! ನಾಲಿಗೆಯ ತುದಿಗೆ ಪದ ಬಂದು ನಿಂತಿರುತ್ತಿತ್ತು, ಹಲ್ಲು ಕಚ್ಚಿ ಒಳಗೆ ನೂಕುತ್ತಿದ್ದೆ. ಅವಳು ಎದ್ದು ಹೋದ ಮೇಲೆ ಕೋಣೆಯೊಳಗೆ ಬಂದರೆ ಗೋಡೆಗಳು ಇನ್ನೂ ಹತ್ತಿರ ಬಂದಂತೆ ಕಾಣುತ್ತಿದ್ದವು. ಊರು ಬಿಟ್ಟು ಬಂದ ಮೊದಲ ವಾರದಲ್ಲೂ ನನಗೆ ಅಷ್ಟು ಒಂಟಿ ಅನ್ನಿಸಿರಲಿಲ್ಲ.

ಅಜ್ಜಿಗೂ ಅಸಮಾಧಾನ. "ಕಥೆ ಇಲ್ಲ, ಹಾಡೋ ಪದ ಇಲ್ಲ. ಬಾವಿ ಪುಸ್ತಕ, ಕೋಳಿ ಪುಸ್ತಕ! ಅಕ್ಕೋರಿಗೆ ಎಂತ ಆಯ್ತೇನೋ, ಮೊದಲೆಲ್ಲ ಬಾಯಿ ತುಂಬ ಮಾತಾಡ್ತಿದ್ರು" ಅಂತ ನನಗೆ ಕೇಳಿಸಲಿ ಅಂತಲೇ ಅನ್ನುತ್ತಿದ್ದರು.

ಒಂದು ಸಂಜೆ ಹುಡುಗಿ ಒಂದು ಸಾಲನ್ನು ಕಿತ್ತು ಕಿತ್ತು ಓದಿದಳು. "ಬಾವಿಯ... ಬಳಿ... ದನ... ತೊ, ಳೆ, ಯ... ತೊಳೆಯಬೇಡಿ." ನಿಲ್ಲಿಸಿದಳು. ಮತ್ತೆ ಮೊದಲಿನಿಂದ, ಈ ಸಲ ಸ್ವಲ್ಪ ಬೇಗ ಓದಿದಳು. ಹುಬ್ಬು ಗಂಟಾಯಿತು. ಆಮೇಲೆ ಸಿಟ್ಟಿನಿಂದ ಪುಸ್ತಕಕ್ಕೇ ಬೈದಳು:

"ಎಂತಕ್ಕೆ ತೊಳೀಬಾರ್ದು? ನಮ್ಮಜ್ಜಿ ಅಲ್ಲೇ ತೊಳಿಯೋದಲ!"

ಅಯ್ಯೋ ದೇವರೆ, ನಾನು ಕುಣಿದುಬಿಡುವುದೊಂದು ಬಾಕಿ. ಬಾಯಿಪಾಠ ಮಾಡಿದವಳು ಪುಸ್ತಕದ ಜೊತೆ ಜಗಳಕ್ಕೆ ನಿಲ್ಲುವುದಿಲ್ಲ. ಪುಸ್ತಕ ಏನನ್ನುತ್ತದೆ ಅಂತ ಅವಳ ಕಣ್ಣು ಮೊದಲ ಸಲ ಕೇಳಿಸಿಕೊಂಡಿತ್ತು. ಅವಳು ಮುಂದಿನ ಸಾಲನ್ನೂ ಕೂಡಿಸಿ ಓದಿ, ಪುಸ್ತಕ ಹಿಡಿದು ಒಳಗೆ ಓಡಿದಳು. ನಾನು ಬಾಗಿಲವರೆಗೆ ಹೋಗಿ ನಿಂತೆ.

"ಅಜ್ಜಿ, ಬಾವಿ ಹತ್ರ ದನ ತೊಳೀಬಾರ್ದಂತೆ. ನೀರು ಹಾಳಾಗ್ತದಂತೆ."

"ಯಾರಂದ್ರು?"

"ಪುಸ್ತಕ ಅಂತು."

ಅಜ್ಜಿ ನನ್ನ ಕಡೆ ತಿರುಗಿದರು. "ನೀವು ಹೇಳ್ಕೊಟ್ರಾ ಅಕ್ಕೋರೆ?"

"ನಾನು ತುಟಿ ಎರಡು ಮಾಡಿಲ್ಲ ಅಜ್ಜಿ. ನಿಮಗೇ ಗೊತ್ತಲ್ಲ."

ಅಜ್ಜಿ ಆ ಪುಸ್ತಕವನ್ನು ದೇವರ ಗೂಡಿನಲ್ಲಿ ಇಡಲಿಲ್ಲ. ದನ ತೊಳೆಯುವುದನ್ನು ಬಿಟ್ಟರೋ ಅಂದರೆ, ಅದೂ ಇಲ್ಲ. ದಿನಾ ತೊಳೆಯುವಾಗ ಹುಡುಗಿ ಒಂದು ಸಾಲು ಓದಿ ಬೈಯುವುದು, ಅಜ್ಜಿ "ನಿನ್ನ ಪುಸ್ತಕ ಬಂದು ನೀರು ಹೊರ್ಲಿ" ಅನ್ನುವುದು ನಡೆದೇ ಇತ್ತು.

ಕೋಳಿಯ ಪುಸ್ತಕ ಇನ್ನೂ ಬೇಗ ಸಾಗಿತು. ಅದು ಮುಗಿದ ಮೇಲೆ ಬೇರೆ ಬೇರೆ ಅಕ್ಷರದ ಒತ್ತುಗಳನ್ನು ಸ್ಲೇಟಿನಲ್ಲಿ ಕೊಟ್ಟೆ, ಆದರೆ ಎಲ್ಲವನ್ನೂ ಕೊಡಲು ಹೊತ್ತೆಲ್ಲಿತ್ತು? ಬಿಸಿಲು ಏರಿತು, ಯುಗಾದಿ ಹತ್ತಿರ ಬಂತು. ಅಲ್ಲಿ ಅವರು ಪದ್ಯ ತೆಗೆದುಕೊಡುತ್ತಾರೋ, ಅಥವಾ ಪುಟ ತುಂಬ ಒತ್ತು ಇರುವ ಪಾಠವೋ?

ಹೋಗುವ ದಿನ ಅಜ್ಜಿ ಮೊಮ್ಮಗಳ ತಲೆ ಬಾಚಿ, ಬಟ್ಟೆಯ ಗಂಟನ್ನೂ ಕಟ್ಟಿದರು. ಪಾಸಾದರೆ ಅಲ್ಲೇ ಬಿಟ್ಟು ಬರುವುದು ಅಂತ ಮಾತು. ಕಂಡಕ್ಟರ ಬಸ್ಸಿನಲ್ಲೇ ಹೋದೆವು. ತೀರ್ಥಹಳ್ಳಿಯಲ್ಲಿ ಬಸ್ಸು ಊಟಕ್ಕೆ ನಿಲ್ಲುವ ಹೊತ್ತಿನಲ್ಲಿ ಅವನು ಚೀಲ ಹೆಗಲಲ್ಲೇ ಹಾಕಿಕೊಂಡು ನಮ್ಮ ಜೊತೆ ಶಾಲೆಗೆ ಬಂದ. ಹೆಡ್‌ಮಿಸ್ಟ್ರೆಸ್ಸು ದಪ್ಪ ಕನ್ನಡಕದ, ಗಟ್ಟಿ ದನಿಯ ಹೆಂಗಸು. ಮೇಜಿನ ಮೇಲಿದ್ದ, ನಮ್ಮ ಶಾಲೆಯಲ್ಲಿಲ್ಲದ ಬೇರೆಯೇ ಒಂದು ಎರಡನೇ ತರಗತಿಯ ಪುಸ್ತಕವನ್ನು ಕಣ್ಣು ಮುಚ್ಚಿಕೊಂಡು ತೆರೆದರು. "ಹೂಂ, ಓದು ನೋಡುವ."

ಹುಡುಗಿ ಬೆರಳಿಟ್ಟಳು. "ರಂಗನು... ತಂದೆಯ... ಜೊತೆ... ರೈಲು..." ಅಲ್ಲಿ ನಿಂತುಬಿಟ್ಟಳು. ನಾನು ನಿಂತಲ್ಲಿಂದಲೇ ಕತ್ತು ಚಾಚಿ ನೋಡಿದೆ. 'ನಿಲ್ದಾಣ'. ಲಕಾರಕ್ಕೆ ದಕಾರದ ಒತ್ತು. ನಾನು ಅದನ್ನು ಕೊಟ್ಟೇ ಇರಲಿಲ್ಲ. ಹುಡುಗಿ ತಲೆ ಎತ್ತಿ ನನ್ನ ಕಡೆ ನೋಡಿದಳು. ನಾನು ಕಿಟಕಿಯ ಕಡೆ ತಿರುಗಿದೆ. ಕಂಡಕ್ಟರು ಹೇಳಿಕೊಡಲು ಬಾಯಿ ತೆರೆದ. ನಾನು ಹೇಗೆ ದುರುಗುಟ್ಟಿ ನೋಡಿದೆನೋ, ಹಾಗೇ ಮುಚ್ಚಿಕೊಂಡ. ಅವಳು ಮತ್ತೆ ತಲೆ ಬಗ್ಗಿಸಿದಳು. ತುಟಿ ಅಲುಗಿತು.

"ನಿ... ಲ... ದಾ... ನಿಲ್... ದಾಣ. ನಿಲ್ದಾಣಕ್ಕೆ ಹೋದನು."

ಓದಿದವಳು ಮುಂದೆ ಹೋಗಲಿಲ್ಲ. ಹೆಡ್‌ಮಿಸ್ಟ್ರೆಸ್ಸಿನ ಮುಖ ನೋಡಿ, "ನಿಲ್ದಾಣ ಅಂದ್ರೆ ಎಂತದು?" ಅಂತ ಕೇಳಿದಳು.

"ಅಯ್ಯೋ, ಸ್ಟ್ಯಾಂಡು ಕಣೆ! ದಿನಾ ನಿಮ್ಮಪ್ಪ ನಿಂತಿರ್ತಾನಲ!" ಅಂತ ಕಂಡಕ್ಟರು ತಡೆಯಲಾರದೆ ಕೂಗಿಬಿಟ್ಟ.

ಹೆಡ್‌ಮಿಸ್ಟ್ರೆಸ್ಸು ನಗುತ್ತ ಕನ್ನಡಕ ತೆಗೆದರು. "ಸಾಕು ಮಾರಾಯ್ರೆ, ಸಾಕು. ಬಾಯಿಪಾಠ ಒಪ್ಪಿಸುವವರು ಯಾರೂ ನಡುವೆ ನಿಲ್ಲಿಸಿ ಅರ್ಥ ಕೇಳುವುದಿಲ್ಲ. ಯಾವ ಪುಸ್ತಕ ಇಟ್ಟುಕೊಂಡು ಕಲಿಸಿದ್ರಿ ಟೀಚರೆ?"

"ಬಾವಿ ತೊಳೆಯುವುದು, ಕೋಳಿ ಸಾಕುವುದು" ಅಂದೆ. ನಾನು ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡರು.

ಅಲ್ಲಿಂದಾಚೆ ಎಲ್ಲ ಅವಸರ. ಕಂಡಕ್ಟರ ಅಕ್ಕ ಬಸ್‌ಸ್ಟ್ಯಾಂಡಿಗೇ ಬಂದು ಬಟ್ಟೆಯ ಗಂಟು ಇಸಿದುಕೊಂಡಳು. ಡ್ರೈವರು ಊಟ ಮುಗಿಸಿ ಕಡ್ಡಿಯಿಂದ ಹಲ್ಲು ಕೆದಕುತ್ತ ಬಂದ. ಕಂಡಕ್ಟರು ಮಗಳ ತಲೆ ಸವರಿ, ಕಣ್ಣು ಒರೆಸಿಕೊಂಡು, "ಹೊಸ್ನಗ್ರ, ಸಾಗ್ರ, ಹತ್ತಿ ಹತ್ತಿ" ಅಂತ ಕೂಗುತ್ತ ಆ ಕಡೆ ಹೋದ. ಹುಡುಗಿ ನನ್ನ ಸೆರಗು ಹಿಡಿದು ನಿಂತಿದ್ದಳು. ನಾನು ಎಲ್ಲೋ ನೋಡುತ್ತಿದ್ದೆ. ಸೆರಗು ಜಗ್ಗಿದಳು.

"ಅಕ್ಕೋರೆ, ನಂಗೆ ಓದಕ್ಕೆ ಬಂತಲ. ಈಗ ನನ್ನ ಹತ್ರ ಮಾತಾಡ್ತೀರಾ?"

ಆ ಸಂಜೆಗಳು ನನಗೊಬ್ಬಳಿಗೇ ಕಷ್ಟ ಅಂದುಕೊಂಡಿದ್ದೆನಲ್ಲ! ಮಾತಾಡದ ಟೀಚರ ಪಕ್ಕ ದಿನಾ ಬಂದು ಕೂತ ಆ ಮಗು ಏನಂದುಕೊಂಡಿತ್ತೋ, ಯಾವ ತಪ್ಪಿಗೆ ಈ ಶಿಕ್ಷೆ ಅಂತ ಎಷ್ಟು ಸಲ ಯೋಚಿಸಿತ್ತೋ. ಆದರೂ ಒಂದು ದಿನ ತಪ್ಪಿಸದೆ ಬಂದಿತ್ತು. ನಾನು ಅಲ್ಲೇ ಸ್ಟ್ಯಾಂಡಿನ ಕಲ್ಲಿನ ಮೇಲೆ ಕೂತು ಅವಳನ್ನು ತೊಡೆಯ ಮೇಲೆ ಎಳೆದುಕೊಂಡೆ. ಏನು ಮಾತಾಡಿದೆ ಅಂತ ನೆನಪಿಲ್ಲ. ನಮ್ಮೂರು, ನಮ್ಮವ್ವ, ನಮ್ಮ ಪಕ್ಕದ ಮನೆಯವರ ಜಗಳ, ಬಾಯಿಗೆ ಬಂದದ್ದೆಲ್ಲ. ನಡುನಡುವೆ ಅತ್ತೆ, ನಡುನಡುವೆ ನಕ್ಕೆ. ಅವಳು "ಆಮೇಲೆ? ಆಮೇಲೆ?" ಅನ್ನುತ್ತಿದ್ದಳು. ಕಂಡಕ್ಟರು ಒಂದು ಸಲ ಸೀಟಿ ಊದಿದ, ಇನ್ನೊಂದು ಸಲ ಊದಿದ, ಆಮೇಲೆ ಬಂದು ಪಕ್ಕದಲ್ಲಿ ನಿಂತ.

ಕೊನೆಗೆ ಅವಳನ್ನು ಅತ್ತೆಯ ಕೈಗೆ ಕೊಟ್ಟು ಬಸ್ಸು ಹತ್ತಿದೆ. ಪಕ್ಕದ ಸೀಟಿನ ಹೆಂಗಸು ಯಾವೂರು ಅಂತ ಕೇಳಿದಳು. ನನ್ನ ಮಾತೆಲ್ಲ ತೀರ್ಥಹಳ್ಳಿಯಲ್ಲೇ ಮುಗಿದುಹೋಗಿತ್ತು.